ಕೊನೆಯ ಬಾರಿ ಮುಟ್ಟಿದ ಹೊತ್ತು

ಕೊಚ್ಚಿಯ ಕಚೇರಿಯಲ್ಲಿ ಜಿನ್ಸಿ ಬರೆಯುವ ಇನ್‌ಸ್ಟಾಲರ್ ಸ್ಕ್ರಿಪ್ಟಿಗೆ ಒಂದೇ ಹಟ: ಕಂಪ್ಯೂಟರಿಗೆ ಹೊಸ ಫೈಲು ಹಾಕುವ ಮುನ್ನ, ಅಲ್ಲಿರುವುದನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂದು ನೋಡಬೇಕು, ಅದು ತನ್ನದಕ್ಕಿಂತ ಈಚಿನದಾದರೆ ಮುಟ್ಟದೆ ಬಿಡಬೇಕು. ಸಂಜೆ ದೋಣಿಯಲ್ಲಿ ಕೂತರೂ ಅವಳ ಕಣ್ಣಿಗೆ ಎಲ್ಲದರ ಮೇಲೂ ಆ ಕೊನೆಗೆ ತಿದ್ದಿದ ಹೊತ್ತು ಮಂಜಿನಂತೆ ತೇಲುತ್ತಿತ್ತು. ಹಿನ್ನೀರನ್ನು ಗಾಳಿ ಈಗಷ್ಟೇ ತಿದ್ದಿದೆ. ಪಕ್ಕದವಳ ಮುಡಿಯ ಮಲ್ಲಿಗೆ ಬೆಳಗಿನದು.

ಮೊನ್ನೆ ಅಜ್ಜ ಅಪ್ಪಚ್ಚನಿಗೆಂದು ಕೊಂಡಿದ್ದ ಕೊಡೆ ಹಿಡಿದು ಮನೆಗೆ ಬಂದಳು. ಹಳೆಯದನ್ನು ಎಸೆಯಲು ಎತ್ತಿದರೆ, ಹಿಡಿಗೆ ಸುತ್ತಿದ ದಾರದ ಅಂಟು ಇನ್ನೂ ಹಸಿಯಾಗಿತ್ತು.

"ಇದನ್ನ ಯಾವಾಗ ಸುತ್ತಿದ್ರಿ, ಅಪ್ಪಚ್ಚಾ?"

"ಈಗ ತಾನೇ, ಮಗಳೇ. ಯಾಕೆ, ನಿನ್ನ ಕಂಪ್ಯೂಟರನ್ನ ಕೇಳಿ ಸುತ್ತಬೇಕಿತ್ತಾ?"

ಜಿನ್ಸಿ ಅದನ್ನು ಮೆಲ್ಲಗೆ ಮೊಳೆಗೆ ತೂಗುಹಾಕಿದಳು.

"ಹಾಗಾದ್ರೆ ನಾನು ತಂದದ್ದೇ ಹಳೇದು."