ಕೊಳ್ಳದ ದಾರಿಯ ಕೆಂಪು ನೂಲು

ಆಗ ನನಗೆ ಐವತ್ತೆಂಟು. ಇದು ನಡೆದು ಹನ್ನೊಂದು ವರ್ಷವಾಯಿತು. ಅದಕ್ಕೆ ಮೊದಲು ಇಂಥ ಮಾತನ್ನು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದೆ. ನಮ್ಮ ಓಣಿಯ ಸೊಸೆಯೊಬ್ಬಳಿಗೆ ಗಾಳಿ ಬಡಿದಿದೆ ಎಂದು ಎಲ್ಲರೂ ಸೇರಿದಾಗ, "ಗಾಳಿ ಅಲ್ಲವ್ವಾ, ಅತ್ತಿ ಕಾಟ. ನಾಕು ದಿನ ತವರಿಗೆ ಕಳಸ್ರಿ, ತಾನ ಇಳೀತೈತಿ" ಎಂದು ಹೇಳಿ ಬಂದವಳು ನಾನು. ಈಗಲೂ ದೆವ್ವ ಇದೆ ಎಂದು ಹೇಳುವುದಿಲ್ಲ. ಇಲ್ಲ ಎಂದು ಮೊದಲಿನ ಹಾಗೆ ಜೋರಾಗಿ ಹೇಳಲು ಬಾಯಿ ಬರುವುದಿಲ್ಲ, ಅಷ್ಟೇ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಗೌರವ್ವ ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಮನೆ ಬೇರೆಯಾದರೂ ಗೋಡೆ ಒಂದೇ. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಮೈಯ ಎಳೆ ಬೇರೆ. ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ನಾವಿಬ್ಬರು ಮೂವತ್ತು ವರ್ಷ ಎದುರುಬದುರು ಕೂತಿದ್ದೇವೆ. ನಾನು ಎಡಗೈಯವಳು. ನಾನು ಹಾಕುವ ಗಂಟು ಎಲ್ಲರ ಗಂಟಿಗೆ ಉಲ್ಟಾ ಬೀಳುತ್ತದೆ. ಗೌರವ್ವ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ, "ಇದು ಎಡಚಿ ಗಂಟು" ಎಂದುಬಿಡುತ್ತಿದ್ದಳು. ನಮ್ಮ ಓಣಿಯಲ್ಲಿ ಮುಖ ನೋಡಿ ಮೋಸ ಹೋದವರಿದ್ದಾರೆ, ಗಂಟು ನೋಡಿ ಮೋಸ ಹೋದವರಿಲ್ಲ.

ಆ ವರ್ಷ ಶ್ರಾವಣದಲ್ಲಿ ಓಣಿಯ ಏಳು ಮಂದಿ ಹೆಂಗಸರು ಬನಶಂಕರಿಗೆ ಹೊರಟೆವು. ಮಳೆ ಚೆನ್ನಾಗಿ ಆಗಿತ್ತು. ಚೊಳಚಗುಡ್ಡದ ಆಚೆ ಗುಡ್ಡದ ಕೊಳ್ಳದಲ್ಲಿ ನೀರು ಧುಮುಕುತ್ತಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ದೇವಿಗೆ ಕಾಯಿ ಒಡೆಸಿ, ರೊಟ್ಟಿಗಂಟು ಹೊತ್ತುಕೊಂಡು ಗುಡ್ಡ ಹತ್ತಿದೆವು. ಕಾಡಿನ ಬೇಲಿಗೆ ಒಂದು ಗೇಟು, ಅಲ್ಲಿ ಒಬ್ಬ ಕಾವಲಿನವನು. "ಸಂಜೀ ಒಳಗ ಇಳೀರಿ ಅವ್ವಾರ, ಕರಡಿ ಅದಾವು" ಎಂದ. "ನಮ್ಮ ಏಳು ಮಂದಿ ಬಾಯಿ ಕೇಳಿದರ ಕರಡೀನ ಇಳದು ಹೋಗ್ತಾವು, ತಗೋ" ಎಂದಳು ಪಕ್ಕದ ಮನೆಯ ನೀಲವ್ವ.

ದಾರಿ ತೋರಿಸಲು ಕಲ್ಲಿನ ಮೇಲೆ ಬಾಣದ ಗುರುತುಗಳಿದ್ದವು. ಮಳೆಗೆ ಅರ್ಧ ಅಳಿಸಿದ್ದವು. ನನ್ನ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಯಾವಾಗಲೂ ಒಂದು ಹಿಡಿ ಕೆಂಪು ರೇಷ್ಮೆಯ ಚೂರು ಎಳೆ ಇರುತ್ತಿತ್ತು, ಮಗ್ಗದ ಕೆಳಗೆ ಉದುರಿದ್ದು. ಕಾಲುದಾರಿ ಎಲ್ಲಿ ಕವಲೊಡೆಯಿತೋ ಅಲ್ಲಿ ಒಂದು ಗಿಡಕ್ಕೆ ಒಂದೆಳೆ ಕಟ್ಟುತ್ತ ನಾನು ಮುಂದೆ ನಡೆದೆ. ಹಿಂದೆ ಬರುವವರು ಅದನ್ನು ನೋಡಿ ಬರಬೇಕು.

ಗೌರವ್ವನಿಗೆ ಮೊಳಕಾಲು ಬೇನೆ. ನೀರು ಇನ್ನು ನೂರು ಹೆಜ್ಜೆ ಇದ್ದಾಗ ಒಂದು ಬಂಡೆಗೆ ಒರಗಿ ಕೂತುಬಿಟ್ಟಳು. ಅಲ್ಲೇ ಎಲ್ಲರೂ ರೊಟ್ಟಿ ತಿಂದೆವು. ಎದ್ದಾಗ ತಾನೂ ಬರುತ್ತೇನೆಂದು ಹಟ ಹಿಡಿದಳು.

"ಕೂಡು ಇಲ್ಲೇ. ಅಲ್ಲಿ ಬಿದ್ದರ ನಿನ್ನ ಹೊತ್ತುಕೊಂಡು ಇಳಿಯಾಕ ನಮ್ಮ ಹಂತ್ಯಾಕ ಕ್ವಾಣ ಇಲ್ಲ" ಎಂದೆ.

"ನಿನ್ನ ನಾಲಿಗಿಗೆ ಒಂದಿನ ಹುಳಾ ಬೀಳ್ತಾವು ಯಕ್ಕಾ" ಎಂದು ಮುಖ ತಿರುಗಿಸಿದಳು. ನಾವು ಆರು ಮಂದಿ ಹೋದೆವು.

ನೀರು ಎರಡಾಳೆತ್ತರದಿಂದ ಬೀಳುತ್ತಿತ್ತು. ಸೀರೆ ಉಟ್ಟುಕೊಂಡೇ ಅದರ ಕೆಳಗೆ ನಿಂತೆವು. ನಾನು ಕಣ್ಣು ಮುಚ್ಚಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನೀಲವ್ವ ಮೂರು ಸಲ ಕರೆದರೂ ನಾನು ಓಗೊಡಲಿಲ್ಲವಂತೆ, ಕಡೆಗೆ ರಟ್ಟೆ ಹಿಡಿದು ಎಳೆದಳು. ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಕೇಳಿದರೆ ಈಗಲೂ ನೆನಪಾಗುವುದಿಲ್ಲ. ನೀರಿನ ಸಪ್ಪಳವೊಂದೇ ನೆನಪು.

ತಿರುಗಿ ಬಂದರೆ ಬಂಡೆಯ ಹತ್ತಿರ ಗೌರವ್ವ ಇಲ್ಲ. ರೊಟ್ಟಿಗಂಟು ಇತ್ತು, ಚಪ್ಪಲಿ ಇರಲಿಲ್ಲ. ಕೂಗಿದೆವು. ನೀರಿನ ಅಬ್ಬರದಲ್ಲಿ ನಮ್ಮ ದನಿ ನಮಗೇ ಕೇಳಲಿಲ್ಲ. ಮೋಡ ಕವಿದು ಮಳೆ ಹಿಡಿಯಿತು. ಕೊಳ್ಳದ ನೀರು ಕಣ್ಣೆದುರಿಗೇ ಕೆಂಪಗಾಗಿ ಏರತೊಡಗಿತು. ಇಬ್ಬರು ಕಾವಲಿನವನನ್ನು ಕರೆಯಲು ಓಡಿದರು. ಮೊಳಕಾಲು ಬಾಗದ ಹೆಂಗಸು, ಜಾರುವ ಬಂಡೆ.  ಅವಳನ್ನು ಅಲ್ಲಿ ಕೂರಿಸಿದವಳು ನಾನೇ.

ಆಗ ಎಡಗಡೆಯ ಕವಳಿ ಗಿಡದಲ್ಲಿ ಒಂದು ಕೆಂಪು ಎಳೆ ಕಂಡಿತು. ನಾವು ಬಲಗಡೆಯಿಂದ ಬಂದವರು. ಎಡಗಡೆ ಗುಡ್ಡದ ನೆತ್ತಿಗೆ ಹೋಗುವ ಸಣ್ಣ ಜಾಡಿತ್ತು, ಆ ಕಡೆ ನಾನು ಕಾಲಿಟ್ಟಿರಲಿಲ್ಲ. ಹತ್ತಿರ ಹೋಗಿ ಬೆರಳು ಹಚ್ಚಿ ನೋಡಿದೆ. ನನ್ನದೇ ನೂಲು. ಗಂಟು ಉಲ್ಟಾ. ಗಿಡವೆಲ್ಲ ತೊಯ್ದಿತ್ತು, ಎಳೆ ಮಾತ್ರ ಒಣಗಿತ್ತು, ಈಗಷ್ಟೇ ಯಾರೋ ಸಂಚಿಯಿಂದ ತೆಗೆದು ಕಟ್ಟಿದ ಹಾಗೆ.

ನೀಲವ್ವನನ್ನು ಕರೆದುಕೊಂಡು ಆ ಜಾಡು ಹತ್ತಿದೆ. ಮುಂದೆ ಇನ್ನೊಂದು ಎಳೆ. ಅದರ ಮುಂದೆ ಇನ್ನೊಂದು. ನಾನು ಕಟ್ಟುವುದಾದರೆ ಎಲ್ಲಿ ಕಟ್ಟುತ್ತಿದ್ದೆನೋ ಅಲ್ಲೇ ಇದ್ದವು, ನನ್ನ ಎದೆಯ ಎತ್ತರಕ್ಕೆ. ನೀಲವ್ವ, "ಯಾವಾಗ ಕಟ್ಟಿದ್ದಿ ಯವ್ವಾ ಇವನ್ನ?" ಎಂದಳು. ನಾನು ಮುಂದಿನ ಎಳೆಗೆ ಕಣ್ಣು ಹಾಯಿಸುತ್ತ ಹತ್ತಿದೆ.

ಕಡೆಯ ಎಳೆ ನೀರು ಧುಮುಕುವ ನೆತ್ತಿಯಲ್ಲೇ ಇತ್ತು. ಅಂಚಿನಿಂದ ಮೂರು ಹೆಜ್ಜೆ ಈಚೆ ಗೌರವ್ವ ಒಂದು ಮರದ ಬೊಡ್ಡೆಯನ್ನು ತಬ್ಬಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ತಡ, ಅಳುವುದು ಬಿಟ್ಟು ಬೈಗುಳಕ್ಕೆ ಶುರು ಮಾಡಿದಳು.

"ಕೊಲ್ಲಾಕ ಕರಕೊಂಡು ಬಂದಿದ್ದೇನ? ಎಷ್ಟು ಕರದ್ರೂ ಹೊಳ್ಳಿ ನೋಡಲಿಲ್ಲ! ಗಿಡಕ್ಕ ಎಳಿ ಕಟಗೊಂತ ಕಟಗೊಂತ ಮುಂದ ಮುಂದ ಹೋಗಿ, ಇಲ್ಲಿ ನನ್ನ ಬಿಟ್ಟು ಎತ್ತ ಹೋದಿ?"

"ಯಾರು, ನಾನ?"

"ನೀನಲ್ಲದ ನಿಮ್ಮವ್ವನ? ಬೆನ್ನು ನೋಡೇನಿ, ಸೀರಿ ನೋಡೇನಿ. ಗಂಟು ಮುಟ್ಟಿ ನೋಡೇನಿ. ನಿನ್ನ ಕೈ ನನಗ ಗೊತ್ತಿಲ್ಲೇನ?"

ನೀಲವ್ವ ನನ್ನ ಪರ ನಿಂತಳು. "ಏ ಗೌರವ್ವಾ, ದೇವರಾಣಿ ಅಕಿ ನಮ್ಮ ಜೋಡೀನ ನೀರಾಗಿದ್ಲು. ನೋಡಲ್ಲೆ, ಮಳಿಗಿಂತ ಮೊದಲ ತೊಯ್ದ ಸೀರಿ ಇನ್ನೂ ಸೋರಾಕತ್ತೈತಿ."

ಗೌರವ್ವ ನನ್ನ ಸೀರೆಯನ್ನು ನೋಡಿದಳು. "ಮುಂದ ಹೋದಾಕಿ ಸೀರಿ ಒಣಗಿತ್ತು" ಎಂದಳು. 

ಕಾವಲಿನವನು ಬಂದು ಒಂದು ಕೈ ಹಿಡಿದ, ನಾನು ಇನ್ನೊಂದು. ಹೇಗೋ ಇಳಿಸಿದೆವು. ಇಳಿಯುತ್ತ ನಾನು ಒಂದೊಂದೇ ಎಳೆ ಬಿಚ್ಚಿ ಸಂಚಿಗೆ ತುರುಕಿದೆ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಉಳಿದ ಹೆಂಗಸರು, ನಿನ್ನ ಯಕ್ಕ ನೀರಿನಲ್ಲೇ ಇದ್ದಳು, ನಾವೆಲ್ಲ ನೋಡಿದ್ದೇವೆ ಎಂದು ಗೌರವ್ವನಿಗೆ ಆಣೆ ಮಾಡಿ ಮಾಡಿ ಹೇಳಿದರು. ನನ್ನ ಹೆಸರು ಉಳಿಸಲು ಹೇಳಿದರು ಪಾಪ. ಅವರು ಒಂದೊಂದು ಆಣೆ ಮಾಡಿದಾಗಲೂ ಗೌರವ್ವನ ಮುಖ ಇನ್ನಷ್ಟು ಬಿಳಚುತ್ತಿತ್ತು. ಬೈಯುವಾಗ ಗಟ್ಟಿಯಾಗಿದ್ದ ಹೆಂಗಸು ಅವರ ಮಾತು ನಂಬುತ್ತ ನಂಬುತ್ತ ನಡುಗಲು ಹತ್ತಿದಳು. ಮನೆ ಮುಟ್ಟುವಷ್ಟರಲ್ಲಿ ಜ್ವರ ಬಂದಿತ್ತು. ಗೋಡೆಯ ಆ ಕಡೆಯಿಂದ, "ಹಂಗಾದ್ರ ನಾ ಯಾರ ಬೆನ್ನು ಹತ್ತಿ ಹೋಗಿದ್ದೆ?" ಎಂದು ಸೊಸೆಯನ್ನು ಕೇಳುವುದು ನನಗೆ ಕೇಳುತ್ತಿತ್ತು.

ಈ ಹನ್ನೊಂದು ವರ್ಷ ನಾನು ಎಲ್ಲ ಕಡೆಯಿಂದ ತಿರುವಿ ನೋಡಿದ್ದೇನೆ. ಗೌರವ್ವನಿಗೆ ಕಣ್ಣು ಕಟ್ಟಿತು ಎನ್ನೋಣ. ಎಳೆ? ಅವನ್ನು ನಾನೂ ನೋಡಿದೆ, ನೀಲವ್ವನೂ ನೋಡಿದಳು. ಬೇರೆ ಯಾರೋ ಕಟ್ಟಿದರು ಎನ್ನೋಣ. ನನ್ನ ಗಂಟು ಅವರಿಗೆ ಯಾರು ಕಲಿಸಿದರು? ಆ ಎಳೆಗಳು ಅವಳನ್ನು ಸಾವಿನ ಅಂಚಿಗೆ ಒಯ್ದವು ಎಂದರೆ, ನನ್ನನ್ನು ಅವಳ ಹತ್ತಿರ ಒಯ್ದದ್ದೂ ಅವೇ. ಒಳ್ಳೆಯದೋ ಕೆಟ್ಟದ್ದೋ ಎಂದು ಸಹ ಹೇಳಲು ಬರುವುದಿಲ್ಲ. ಕಣ್ಣು ಮುಚ್ಚಿ ನಿಂತ ಆ ಹೊತ್ತು ನಾನು ಎಲ್ಲಿದ್ದೆ ಎನ್ನುವುದೊಂದನ್ನು ಮಾತ್ರ ಹೆಚ್ಚು ಯೋಚಿಸುವುದಿಲ್ಲ. ತಲೆ ತಿರುಗುತ್ತದೆ.

ಮರುದಿನ ಬೆಳಗ್ಗೆ ಎದ್ದವಳೇ ಅವಳ ಮನೆಗೆ ಹೋದೆ. ನಿನ್ನೆಯಿಂದ ಹನಿ ನೀರು ಇಳಿದಿಲ್ಲ, ದವಾಖಾನಿಗೂ ಒಲ್ಲೆ ಅಂತಾರೆ ಎಂದು ಸೊಸೆ ಅಳುತ್ತಿದ್ದಳು. ಗೌರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ:

"ಗೌರೀ, ಮುಂದ ಹೋದಾಕಿ ನಾನ."

ಅವಳು ಹೊರಳಿದಳು. "ನೀಲವ್ವ ಆಣಿ ಮಾಡಿದ್ಲು."

"ನನ್ನ ಉಳಸಾಕ ಸುಳ್ಳ ಆಣಿ ಮಾಡಿದ್ಲು. ನಿನ್ನ ಮ್ಯಾಲೆ ಸಿಟ್ಟಿತ್ತು, ಅದಕ್ಕ ಹೊಳ್ಳಿ ನೋಡಲಿಲ್ಲ. ಬ್ಯಾರೆ ದಾರಿಗುಂಟ ಇಳದು ಬಂದು ಆಮ್ಯಾಲೆ ನೀರಾಗ ನಿಂತೆ."

"ಖರೇನ?"

"ಖರೆ."

 ಅವಳು ಗೋಡೆ ಹಿಡಿದು ಎದ್ದು ಕೂತು, ಸೆರಗು ಸರಿ ಮಾಡಿಕೊಂಡು, ನನ್ನ ತವರಿನ ಮೂರು ತಲೆಮಾರನ್ನೂ ಹಿಡಿದು ಬೈಯಲು ಶುರು ಮಾಡಿದಳು. ನಡುವೆ ಒಮ್ಮೆ ನಿಲ್ಲಿಸಿ, "ಏ ಹುಡುಗೀ, ಒಂದೀಟು ಚಾ ಮಾಡು, ಬಾಯಿ ಒಣಗ್ತು" ಎಂದಳು. ಸೊಸೆ ಒಳಗೆ ಓಡಿದಳು. ಚಾ ಕುಡಿದು ಮತ್ತೆ ಬೈದಳು. ನಾನು ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡೆ.