ನಿವಾಳಿಸಿದ ಅನ್ನ

ಹಳಿಯಾಳ ಪೇಟೆಯ ಜನ ದಾನಧರ್ಮದಲ್ಲಿ ಕೈಬಿಗಿ ಎಂದು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಅವರು ಕೊಡುತ್ತಿದ್ದರು, ಕೈತುಂಬ ಕೊಡುತ್ತಿದ್ದರು. ಕೊಡುವ ನೆಪದಲ್ಲಿ ತಮ್ಮ ಮನೆಯಿಂದ ಏನನ್ನು ಹೊರಗೆ ಹಾಕುತ್ತಿದ್ದರು ಎನ್ನುವುದನ್ನು ಮಾತ್ರ ಗುರುಸಿದ್ದವ್ವನನ್ನೇ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಗುರುಸಿದ್ದವ್ವ ಸಾಂಬ್ರಾಣಿ ಎಂಬ ಹಳ್ಳಿಯ ಸೊಸೆ. ಗಂಡ ಚಳಿಜ್ವರದಲ್ಲಿ ತೀರಿಹೋದ ಮೇಲೆ ಮನೆಯವರ ಕಣ್ಣು ಅವಳ ಮಗಳ ಮೇಲೆ ಬಿತ್ತು. ಹೊಳೆವ್ವ ಹುಟ್ಟಿದಾಗಿನಿಂದ ಹಾಗೆಯೇ ಇದ್ದಳು. ಮಡಚಿದ ಕಾಲು ಬಿಚ್ಚುತ್ತಿರಲಿಲ್ಲ, ಕುತ್ತಿಗೆ ನಿಲ್ಲುತ್ತಿರಲಿಲ್ಲ, ಬೆರಳುಗಳು ಸದಾ ಮುಷ್ಟಿ ಕಟ್ಟಿಕೊಂಡೇ ಇರುತ್ತಿದ್ದವು. ಇಂಥ ಕೂಸು ಇರುವ ಮನೆಯಲ್ಲಿ ದನಕರು ಏಳಿಗೆಯಾಗುವುದಿಲ್ಲ ಎಂದು ಮೈದುನ ಅಂದ. ಗುರುಸಿದ್ದವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಳಿಯಾಳಕ್ಕೆ ನಡೆದು ಬಂದಳು. ಅಂದಾನೆಪ್ಪ ಸಾವಕಾರರು ತಮ್ಮ ಮನೆಗೆ ಹತ್ತಿದ ಕಾಳಿನ ಅಂಗಡಿಯಲ್ಲಿ ಕಾಳು ಹಸನು ಮಾಡುವ ಕೆಲಸ ಕೊಟ್ಟರು, ಅಂಗಡಿಯ ಮಗ್ಗುಲಿನ ಮಾಡಿನ ಕೆಳಗೆ ಇರಲು ಜಾಗ ಕೊಟ್ಟರು. ಆ ಉಪಕಾರವನ್ನು ಅವಳು ಮರೆಯಲೇ ಇಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಆ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದವನು ಉಳವಪ್ಪ. ಪೇಟೆಯ ರೂಢಿಯಂತೆ ಅವನು ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ. ಅವನು ರಾಗ ಎಳೆದು ‘ಲಾಭಾ’ ಅಂದಾಗಲೆಲ್ಲ ಗೋಣಿಚೀಲಕ್ಕೆ ಒರಗಿದ್ದ ಹೊಳೆವ್ವ ಮೈಯೆಲ್ಲ ಕುಲುಕಿಸಿ ನಕ್ಕು ‘ಆಬ’ ಅನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದ ಮಾತು ಅದೊಂದೇ. ಮಗಳಿಗೆ ಎಲ್ಲ ತಿಳಿಯುತ್ತದೆ ಎಂದು ಗುರುಸಿದ್ದವ್ವನಿಗೆ ಗೊತ್ತಿತ್ತು. ಉಳವಪ್ಪನಿಗೂ ಹಾಗೇ ಅನಿಸಿತ್ತು, ಅದಕ್ಕೇ ಅವನು ಆ ಹುಡುಗಿಗಾಗಿ ಮೊದಲ ಸೇರನ್ನು ಸ್ವಲ್ಪ ಹೆಚ್ಚೇ ರಾಗವಾಗಿ ಹೇಳುತ್ತಿದ್ದ.

ನಿವಾಳಿಸಿದ ಅನ್ನದ ಗೋಳು ಶುರುವಾದದ್ದು ಸಾವಕಾರರ ಮನೆಯಿಂದಲೇ. ಮೊಮ್ಮಗ ಶೇಖಪ್ಪನಿಗೆ ಜ್ವರ ಬಂದಾಗ ಸಾವಕಾರರ ಹೆಂಡತಿ ಶಿವಗಂಗವ್ವ ಮೊಸರನ್ನದ ಉಂಡೆಯನ್ನು ಹುಡುಗನ ತಲೆಯಿಂದ ಕಾಲಿನವರೆಗೆ ಇಳಿಸಿ, ಜ್ವರ ಆ ಅನ್ನಕ್ಕೆ ಹೋಗಲೆಂದು ನಿವಾಳಿಸಿದಳು. ಅಂಥ ಅನ್ನವನ್ನು ದಾರಿ ಕೂಡುವಲ್ಲಿ ಚೆಲ್ಲುವುದು ವಾಡಿಕೆ, ಇಲ್ಲವೇ ಬೇಡುವವರ ಕೈಗೆ ಹಾಕುವುದು. ಅವತ್ತು ಜೋರು ಮಳೆ, ಕೂಡುದಾರಿಯ ತನಕ ಹೋಗಲು ಶಿವಗಂಗವ್ವನಿಗೆ ಬೇಸರ. ಬಾಗಿಲ ಮಗ್ಗುಲಲ್ಲೇ ಹೊಳೆವ್ವ ಇದ್ದಳು. ಅವಳಿಗೆ ಉಣ್ಣಿಸಿದರು. ಸಂಜೆಗೆ ಶೇಖಪ್ಪನ ಜ್ವರ ಇಳಿಯಿತು.

ಚಳಿಜ್ವರ ಏರುವುದೂ ಇಳಿಯುವುದೂ ಅದರ ಗುಣ. ಅಷ್ಟು ತಿಳಿವಳಿಕೆ ಇದ್ದಿದ್ದರೆ ಊರು ಯಾವತ್ತೋ ಉದ್ಧಾರವಾಗುತ್ತಿತ್ತು. ಹೊಳೆವ್ವನಿಗೆ ಹಾಕಿದರೆ ಹತ್ತುತ್ತದೆ, ಗುಣ ಕಾಣುತ್ತದೆ ಎಂದು ಸುದ್ದಿಯಾಯಿತು. ಮಸೀದಿ ಓಣಿಯ ಇಮಾಮಬಿ ಪೀಡೆ ಕಳೆಯುವ ದಾನ, ಸದಕಾ ಎಂದು ಬೆಲ್ಲದನ್ನ ತಂದಳು. ಮುಂಡಗೋಡ ಕಡೆಯ ಮಳಗಿ ಹಳ್ಳಿಯಿಂದ ಗಾಡಿ ಹೂಡಿಕೊಂಡು ಬಂದವರೂ ಇದ್ದರು. ಕೊಟ್ಟವರ ಕಣ್ಣೆದುರೇ ಹುಡುಗಿ ಪೂರ್ತಿ ಉಣ್ಣಬೇಕು, ಬೇರೆಯವರ ಬಾಯಿಗೆ ಒಂದು ಅಗುಳೂ ಹೋಗಬಾರದು, ಹೋದರೆ ಪೀಡೆ ತಿರುಗಿ ಮನೆಗೇ ಬರುತ್ತದೆ ಎನ್ನುವುದು ಕಟ್ಟಳೆ. ಗುರುಸಿದ್ದವ್ವ ತುತ್ತು ಮಾಡಿ ಮಗಳ ಬಾಯಿಗಿಟ್ಟು, ಬೆರಳು ನೆಕ್ಕದೆ ತೊಳೆದುಕೊಳ್ಳುತ್ತಿದ್ದಳು. ಎಷ್ಟೋ ದಿನ ಮಗಳ ಹೊಟ್ಟೆ ತುಂಬಿರುತ್ತಿತ್ತು, ಅವಳದು ಬೆನ್ನಿಗೆ ಹತ್ತಿರುತ್ತಿತ್ತು.

ಮೊದಮೊದಲು ಅವಳಿಗೆ ಸಂತೋಷವೇ ಆಯಿತು. ಮಗಳ ಕೆನ್ನೆ ತುಂಬಿದ್ದನ್ನು ನೋಡಿ ಯಾವ ತಾಯಿ ಅಳುತ್ತಾಳೆ? ಆದರೆ ಬಂದವರ ಕಣ್ಣನ್ನು ನೋಡುತ್ತ ನೋಡುತ್ತ ಅವಳ ಸಂತೋಷ ಇಳಿಯಿತು. ಯಾರೂ ಹೊಳೆವ್ವನ ಮುಖ ನೋಡುತ್ತಿರಲಿಲ್ಲ. ಕಸವನ್ನು ತಿಪ್ಪೆಗೆ ಹಾಕಿ ಬರುವವರಂತೆ ಹಾಕಿ, ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಇಷ್ಟು ಮನೆಗಳ ಜ್ವರ ನಿಜವಾಗಿಯೂ ತನ್ನ ಕೂಸಿನ ಮೈಗೆ ಇಳಿಯುತ್ತಿದ್ದರೆ ಎಂಬ ಹೆದರಿಕೆ ಅವಳನ್ನು ಹಿಡಿಯಿತು. ಅವಳೂ ಅದೇ ಊರಿನ ನೀರು ಕುಡಿದವಳಲ್ಲವೇ?

ಆ ಕಾಲಕ್ಕೆ ಜಮಾಲಸಾಬ ಬಂದ. ದಾಂಡೇಲಿಯ ಕಾಡಿನಿಂದ ಸಾಗವಾನಿ ದಿಮ್ಮಿ ಎಳೆಯುವ ಗಾಡಿಯವನು, ಎತ್ತಿಗೆ ಹುರುಳಿ ಒಯ್ಯಲು ಅಂಗಡಿಗೆ ಬರುತ್ತಿದ್ದವನು. ಅವನ ಮಗಳು ಜಾಹೀದಾಗೆ ಕಿವಿ ಕೇಳುತ್ತಿರಲಿಲ್ಲ.

“ತಂಗೀ, ಬೆಳಗಾವಿ ಕಡೆ ಒಬ್ರು ಹೆಣ್ಮಗಳು, ಬಾಯಿಯವರಂತಾರ, ಇಂಥಾ ಮಕ್ಕಳನ್ನ ಮನ್ಯಾಗ ಇಟಗೊಂಡು ಕಲಸ್ತಾರ. ನಮ್ಮ ಜಾಹೀದಾ ಅಲ್ಲೆ ಅದಾಳ, ಈಗ ಸೂಜಿ ಹಿಡದು ಹೊಲೀತಾಳ. ನನ್ನ ತುಟಿ ನೋಡಿ ಮಾತು ತಿಳಕೋತಾಳ” ಅಂದ.

“ನನ್ನ ಹುಡುಗಿಗೆ ಕುಂದ್ರಾಕೂ ಬರೂದಿಲ್ಲಲ್ಲೋ ಅಣ್ಣಾ.”

“ಅದನ್ನೂ ಕೇಳೇನಿ. ಬೆನ್ನಿಗೆ ಪಟ್ಟಿ ಕಟ್ಟಿ ಕುಂದ್ರಸೂ ಕುರ್ಚಿ ಐತಿ ಅಲ್ಲೆ. ನೀ ಅಡಿಗಿಮನ್ಯಾಗ ದುಡಕೊಂಡು ಮಗಳ ಹಂತೇಕನ ಇರಬಹುದಂತ. ಒಂದು ಕೂಸಿಗೆ ಜಾಗಾ ಐತಿ. ಹೋಳಿ ಹುಣ್ಣಿವಿ ಆಗಲಿ, ಹೋಗೂಣು. ಅಳ್ನಾವರ ಠೇಸನ್ನಿಗೆ ನಾನ ಬಿಡ್ತೇನಿ.”

ಕುರ್ಚಿ! ಗುರುಸಿದ್ದವ್ವ ಅಲ್ಲಿಂದ ಮುಂದೆ ಕಾಳು ಕೇರುವಾಗ, ಕಲ್ಲು ಹೆಕ್ಕುವಾಗ ಬೇರೆ ಏನನ್ನೂ ನೆನೆಯಲಿಲ್ಲ. ಮಗಳು ನೆಟ್ಟಗೆ ಕೂತು ಎದುರಿಗೆ ಬಂದವರ ಮುಖ ನೋಡುವುದು, ಬಂದವರು ಮಗಳ ಮುಖ ನೋಡುವುದು, ಅಷ್ಟೇ ಅವಳಿಗೆ ಬೇಕಾಗಿತ್ತು.

ಹೊರಡುವ ದಿನ ಬಂತು. ಗಂಟು ಗಾಡಿಗೆ ಏರಿತು. ಹೊಳೆವ್ವನನ್ನು ಗಾಡಿಯೊಳಗಿನ ಹುಲ್ಲಿನ ಮೇಲೆ ಮಲಗಿಸಿದ್ದಾಗ ಶಿವಗಂಗವ್ವ ತಾಟು ಹಿಡಿದು ಓಡಿ ಬಂದಳು. ತಲೆಯ ಮೇಲಿನ ಸೆರಗು ಜಾರಿದ್ದು ಅವಳಿಗೆ ತಿಳಿದಿರಲಿಲ್ಲ.

“ಗುರುಸಿದ್ದವ್ವಾ, ಶೇಖಪ್ಪನ ಮೈ ಕೆಂಡ ಆಗೇತಿ. ನೀವು ಹೋದ್ರ ನಾ ಯಾರಿಗೆ ಹಾಕ್ಲಿ?”

“ಅವ್ವಾರ, ಬ್ಯಾರೆ ಯಾರಿಗರೆ ಹಾಕ್ರೆಲಾ. ಮಸೂತಿ ಮುಂದ ಬೇಡಾವ್ರು ಅದಾರ.”

“ಬ್ಯಾರೆಯವರಿಗೆ ಹಾಕಿದ್ರ ಹತ್ತೂದಿಲ್ಲ. ನಿನಗ ನೆರಳು ಕೊಟ್ಟ ಮನಿ ಇದು. ಆ ಕೂಸು ಎದ್ದು ಅಡ್ಡಾಡೂ ತನಕಾ ತಡಿ, ಅಷ್ಟ ಸಾಕು. ನೀನೂ ಹಡದಾಕಿ ಅದಿ.”

ಕೊನೆಯ ಮಾತು ಗುರುಸಿದ್ದವ್ವನನ್ನು ಕಟ್ಟಿಹಾಕಿತು. ಅವಳು ಗಾಡಿಯಿಂದ ಇಳಿದಳು. ಗಂಟೂ ಇಳಿಯಿತು, ಮಗಳೂ ಇಳಿದಳು.

“ತಂಗೀ, ಆ ಜಾಗಾ ಕಾಯ್ದು ಇಡೂದಿಲ್ಲ ಅವ್ರು” ಎಂದು ಜಮಾಲಸಾಬ ಮೆಲ್ಲಗೆ ಅಂದ.

“ಮುಂದಿನ ಸಲ ಬರ್ತೇನಿ ಅಣ್ಣಾ” ಅಂದಳು ಅವಳು. ಬಡವರ ಬಾಳಿನಲ್ಲಿ ಮುಂದಿನ ಸಲ ಎನ್ನುವುದು ಇರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರೋ!

ಶೇಖಪ್ಪ ಎದ್ದು ಅಡ್ಡಾಡಿದ. ದವಾಖಾನೆಯ ಕಂಪೌಂಡರ್ ಕೊಟ್ಟ ಕಹಿ ಕ್ವಿನೈನ್ ನುಂಗಿದವನು ಅವನು, ಹೆಸರು ಬಂದದ್ದು ಹೊಳೆವ್ವನಿಗೆ. ಅನ್ನದ ತಾಟುಗಳು ಇನ್ನಷ್ಟು ಹೆಚ್ಚಿದವು.

ಮಳೆಗಾಲ ಮುಗಿದ ಮೇಲೆ ಜಮಾಲಸಾಬ ಮತ್ತೆ ಬಂದಾಗ ಗಾಡಿಯಲ್ಲಿ ಜಾಹೀದಾ ಇದ್ದಳು. ಪರದೇಶದಲ್ಲಿ ಶುರುವಾದ ಲಡಾಯಿ ಬೆಳೆದು ಸರಕಾರದವರು ಬಾಯಿಯವರ ಮನೆಯನ್ನು ಸಿಪಾಯಿಗಳ ವಸತಿಗೆ ತೆಗೆದುಕೊಂಡಿದ್ದರು. ಮಕ್ಕಳನ್ನು ಅವರವರ ಊರಿಗೆ ಕಳಿಸಿ ಆ ಬಾಯಿಯವರು ಎಲ್ಲಿಗೋ ಹೋಗಿದ್ದರು. “ಇನ್ನ ಎಲ್ಲಿಗೆ ಹೋಗೂದು ತಂಗೀ” ಎಂದು ಅವನು ಎತ್ತಿನ ಕೊರಳು ತಿಕ್ಕುತ್ತ ನಿಂತ. ಜಾಹೀದಾ ಗುರುಸಿದ್ದವ್ವನ ತುಟಿಯನ್ನೇ ನೋಡುತ್ತಿದ್ದಳು.

ಮರುವರ್ಷದ ಮಳೆಯಲ್ಲಿ ಜ್ವರ ಮನೆಮನೆಗೂ ನುಗ್ಗಿತು. ಕ್ವಿನೈನ್ ದವಾಖಾನೆಯಿಂದ ಮಾಯವಾಗಿತ್ತು, ಇದ್ದದ್ದೆಲ್ಲ ಲಡಾಯಿಯ ದಂಡಿಗೆ ಹೋಗುತ್ತದೆ ಎನ್ನುತ್ತಿದ್ದರು. ಶಿವಗಂಗವ್ವ ದಿನವೂ ನಿವಾಳಿಸಿದಳು, ಹೊಳೆವ್ವ ದಿನವೂ ಉಂಡಳು. ಶೇಖಪ್ಪ ಉಳಿಯಲಿಲ್ಲ. ಆ ಅಜ್ಜಿಯ ಸಂಕಟ ಸುಳ್ಳಲ್ಲ, ಅವಳ ಅಳು ಕೇಳಿ ಗುರುಸಿದ್ದವ್ವನೂ ಮಾಡಿನ ಕೆಳಗೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆದರೆ ದುಃಖ ಯಾರ ಮೇಲಾದರೂ ಬೀಳಲೇಬೇಕು.

“ಆ ಹುಡುಗಿ ತುಂಬೇತಿ” ಎಂದಳು ಶಿವಗಂಗವ್ವ, ಸಂತಾಪಕ್ಕೆ ಬಂದ ಹೆಂಗಸರ ಮುಂದೆ. “ಊರ ಪೀಡಾ ಎಲ್ಲಾ ನುಂಗಿ ತುಂಬೇತಿ. ಈಗ ತಿರಿಗಿ ನಮ್ಮ ಮ್ಯಾಲೆ ಕಾರಾಕತ್ತೇತಿ.”

ತಾವೇ ತುಂಬಿಸಿದ್ದು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ತಾಟುಗಳು ನಿಂತವು. ಜನ ಮಕ್ಕಳನ್ನು ಎಳೆದುಕೊಂಡು ಆಚೆ ಬದಿಯಿಂದ ಹಾಯತೊಡಗಿದರು. ಅಂದಾನೆಪ್ಪ ಸಾವಕಾರರು ಹೊರಗೆ ಹಾಕಲಿಲ್ಲ, ಅಷ್ಟು ಕಟುಕರಲ್ಲ ಅವರು. ಹಸನು ಮಾಡುವ ಕೆಲಸವನ್ನು ಬೇರೆಯವಳಿಗೆ ಕೊಟ್ಟು ಮುಖ ತಿರುಗಿಸಿಕೊಂಡು ಕೂತರು.

ಶ್ರಾವಣದಲ್ಲಿ ಹೊಳೆವ್ವನಿಗೆ ಜ್ವರ ಬಂತು. “ಗುಳಿಗಿ ಇಲ್ಲವ್ವಾ ತಾಯಿ” ಎಂದು ಕಂಪೌಂಡರ್ ಕೈ ಅಲ್ಲಾಡಿಸಿದ. ಉಳವಪ್ಪ ಯಾರಿಗೂ ಕಾಣದಂತೆ ಸೆರಗಿಗೆ ಹಾಕಿದ ಅಕ್ಕಿಯಿಂದ ಗುರುಸಿದ್ದವ್ವ ಅನ್ನ ಮಾಡಿದಳು. ನಂಬಿದ್ದಳೋ ಇಲ್ಲವೋ ಅವಳಿಗೇ ತಿಳಿಯದು. ಸುಮ್ಮನೆ ಕೂಡುವುದು ಆಗಲಿಲ್ಲ. ಮಗಳ ತಲೆಯಿಂದ ಕಾಲಿನವರೆಗೆ ಇಳಿಸಿ, ನಿವಾಳಿಸಿ, ಮಗಳನ್ನು ಕಂಕುಳಲ್ಲಿ ಹೊತ್ತು ತಾಟು ಹಿಡಿದು ಹೊರಟಳು.

ಮಸೀದಿಯ ಮುಂದಿನ ಭಿಕ್ಷುಕರು ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡರು. ಪ್ರತಿ ಮನೆಯ ಭಿಕ್ಷೆ ಸ್ವೀಕರಿಸುವ ಅಡಿವೆಯ್ಯ ಜೋಳಿಗೆಯ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿದು, “ಬ್ಯಾಡವ್ವಾ, ಅದರಾಗ ಇಡೀ ಊರಂದ ಐತಿ” ಅಂದ. ಕೂಡುದಾರಿಯಲ್ಲಿ ಚೆಲ್ಲಲು ಬಾಗಿದಾಗ ಸುತ್ತಲಿನ ಬಾಗಿಲುಗಳಿಂದ ಹೆಂಗಸರು ಕೂಗಿದರು.

“ಇಲ್ಲೆ ಚೆಲ್ಲಬ್ಯಾಡ! ನಮ್ಮ ಮಕ್ಕಳು ಅಡ್ಡಾಡ್ತಾವ!”

ಎಲ್ಲರದೂ ಹೊಳೆವ್ವನಿಗೆ ಬಂದಿತ್ತು. ಹೊಳೆವ್ವನದು ಹೋಗಲು ಊರಲ್ಲಿ ಜಾಗವಿರಲಿಲ್ಲ.

ಗುರುಸಿದ್ದವ್ವ ಮಾಡಿನ ಕೆಳಗೆ ಮರಳಿ ಬಂದು ಮಗಳನ್ನು ಗೋಣಿಚೀಲಕ್ಕೆ ಒರಗಿಸಿದಳು. ಅಂಗಡಿಯಲ್ಲಿ ಉಳವಪ್ಪ ಅಳೆಯಲು ಶುರುಮಾಡಿ ‘ಲಾಭಾ’ ಅಂದ. ಹೊಳೆವ್ವ ‘ಆಬ’ ಅನ್ನಲಿಲ್ಲ. ಆದರೆ ತಾಟು ಕಂಡು, ಇಷ್ಟು ವರ್ಷ ಕಲಿತ ಹಾಗೆ, ಬಾಯಿ ತೆರೆದಳು.

ಗುರುಸಿದ್ದವ್ವ ಒಂದು ತುತ್ತು ಕಲಸಿ ಕೈಯಲ್ಲಿ ಹಿಡಿದಳು. ಮಗಳ ಈ ಜ್ವರ ತನಗೆ ಬರಲಿ, ಬಂದರೆ ಬರಲಿ. ಬಂದು ತಾನು ಹೋದರೆ ಈ ಬಾಯಿಗೆ ತುತ್ತು ಇಡುವವರು ಯಾರು? ಮಗಳನ್ನು ಬಿಟ್ಟು ಒಂದು ಅಗುಳು ತಿಂದವಳಲ್ಲ ಅವಳು. ಅವತ್ತು ಬೆನ್ನು ತಿರುಗಿಸಿ ಕೂತು, ಒಂದಗುಳೂ ಉಳಿಯದಂತೆ, ಗಬಗಬನೆ ಎಲ್ಲವನ್ನೂ ತಿಂದಳು. ಹಿಂದೆ ಹೊಳೆವ್ವ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.