ಸನಾತು ಮೇಡಂ ಒಪ್ಪದ ಉತ್ತರ

ಟಮಾಲೆಯ ಆಂಬುಲೆನ್ಸಿನವರಿಗೆ ಮಾತ್ರೆ ಕೊಡುವುದನ್ನು ಕಲಿಸುವ ಸನಾತು ಮೇಡಂ, ಮನೆಯ ಉಪ್ಪಿನ ಡಬ್ಬಿಯ ಚೀಟಿಯನ್ನೂ ಮೂರು ಸಲ ಓದದೆ ಮುಚ್ಚಳ ತೆಗೆಯುವವರಲ್ಲ. ತರಗತಿಯಲ್ಲಿ ತಾವೇ ರೋಗಿಯಾಗಿ ಬೆಂಚಿನ ಮೇಲೆ ಮಲಗಿ, ಎದೆ ಹಿಡಿದು, ಇಡೀ ಬೀದಿಗೆ ಕೇಳುವಂತೆ ನರಳುತ್ತಾರೆ. "ಆಸ್ಪಿರಿನ್ ನಿಮಗೆ ಒಗ್ಗುತ್ತಲ್ವಾ, ಅಮ್ಮಾ?" ಎಂದು ಶಿಷ್ಯ ವುಂಪಿನಿ ಕೇಳಿದರೆ "ನಾಆ" ಅನ್ನುತ್ತಾರೆ. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಯಾರು ಏನು ವಿಚಾರಿಸಿದರೂ ಆ ಊರಿನವರು ಮರ್ಯಾದೆಗೆ ಹೂಂಗುಟ್ಟುವ ಮಾತು ಅದೊಂದೇ. ವುಂಪಿನಿ ಮಾತ್ರೆ ಕೊಟ್ಟನೋ ಇಲ್ಲವೋ, ಮೇಡಂ ಕತ್ತು ವಾಲಿಸಿ ಸತ್ತು, ಆಮೇಲೆ ಒಂದೇ ಕಣ್ಣು ತೆರೆದು ಬೈಯುತ್ತಾರೆ: "ಕೊಂದೆಯಲ್ಲೋ ಮಹಾರಾಯ! 'ನಾಆ' ಅನ್ನೋದು ಮರ್ಯಾದೆ ಕಣೋ, ಉತ್ತರ ಅಲ್ಲ. ಹಿಂದೆ ಈ ಮಾತ್ರೆ ತಗೊಂಡಾಗ ಏನಾಯ್ತು ಅಂತ ಬಾಯಿಬಿಡಿಸು!" ಹೀಗೆ ದಿನಕ್ಕೆ ಹತ್ತು ಸಲ ಸಾಯುತ್ತಾರೆ, ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತದೆ. "ಇಷ್ಟು ಚೆನ್ನಾಗಿ ಸಾಯೋದನ್ನ ಎಲ್ಲಿ ಕಲಿತ್ರಿ, ಮೇಡಂ?" ಎಂದು ಒಮ್ಮೆ ವುಂಪಿನಿ ಕೇಳಿಯೇಬಿಟ್ಟ. ಮೇಡಂ ಎದ್ದು ಕೂತು, ತಲೆವಸ್ತ್ರ ಸರಿಮಾಡಿಕೊಂಡರು. "ಹಿಂದೆ ನನ್ನ ಆಂಬುಲೆನ್ಸಿನಲ್ಲಿ ಒಬ್ರು ಅಜ್ಜ ಕಲಿಸಿದ್ರು. ನಾನು ಕೇಳಿದ್ದಕ್ಕೆಲ್ಲ 'ನಾಆ' ಅಂದ್ರು. ಮಾತ್ರೆ ನುಂಗಿ, ನನಗೆ ಆಶೀರ್ವಾದಾನೂ ಮಾಡಿದ್ರು."